ತಗಡಿನ ಸಾಲಿಯ ನಾಲ್ಕು ಕಿಟಕಿ

ಇದು ನನ್ನ ಕಾಕಾನ ಮಗ ಭರಮಪ್ಪನಿಗೆ ಆದದ್ದು. ೧೯೮೬ರ ಏಪ್ರಿಲ್ ತಿಂಗಳು. ಊರು ತಿರ್ಲಾಪುರದ ಆಚೆ, ಹೆಸರು ಬರೆಯುವುದಿಲ್ಲ. ಸತ್ತ ಹುಡುಗಿಯ ತಾಯಿ ಇನ್ನೂ ಅಲ್ಲೇ ಇದ್ದಾಳೆ.

ರಾತ್ರಿ ಹನ್ನೊಂದು ದಾಟಿತ್ತು. ಸಾಲಿಯ ಬಾವಿ ಬಾಜು ಇಬ್ಬರು ನಡೆದಿದ್ದರು. ಮುಂದೆ ಭರಮಪ್ಪ. ಹಿಂದೆ ಅವನ ಗೆಳೆಯ, ಬಡಿಗೇರ ರಸೂಲಸಾಬ. ಕೈಯಲ್ಲಿ ಕಂದೀಲಿಲ್ಲ. ರಸೂಲಸಾಬನ ಬಗಲಲ್ಲಿ ಒಂದು ಇಕ್ಕಳ.

"ಸಾವಕಾಶ ಹೆಜ್ಜಿ ಇಡಲೇ ಸಾಬಾ… ಇಕ್ಕಳ ಸಪ್ಪಳ ಮಾಡಾಕತ್ತೈತಿ."

"ಇಕ್ಕಳ ಅಲ್ಲೋ ಭರಮಾ… ನನ್ನ ಹಲ್ಲು."

ಬಾವಿಯ ಹಗ್ಗದ ಗಡಗಡಿ ಒಮ್ಮೆ ಕೀಂಯ್… ಅಂದಿತು. ಗಾಳಿ ಇರಲಿಲ್ಲ. ಇಬ್ಬರೂ ನಿಂತರು. ಮತ್ತೆ ನಡೆದರು.

ಅವರು ಹೊರಟದ್ದು ಕಳ್ಳತನಕ್ಕಲ್ಲ. ಸಾಲಿಯ ಕಿಟಕಿಗೆ ಹೊಡೆದ ಮೊಳೆ ಕೀಳಲು. ಆ ಮೊಳೆ ಹೊಡೆದವನು ಅದೇ ರಸೂಲಸಾಬ, ಅದೇ ದಿನ ಸಂಜೆ, ಹೆಡ್ ಮಾಸ್ತರನ ಹುಕುಮಿನ ಮೇಲೆ. ಮರುದಿನ ಏಳನೇ ಇಯತ್ತೆಯ ಪಬ್ಲಿಕ್ ಪರೀಕ್ಷೆ. ಭರಮಪ್ಪನ ಮಗಳು ಮೈಲಾರವ್ವ ಆ ಕೋಣೆಯಲ್ಲೇ ಮೂರು ತಾಸು ಕೂಡಬೇಕಿತ್ತು.

ಆ ಕೋಣೆಯ ಬಗ್ಗೆ ಹೇಳಬೇಕು. ಹಳೆಯ ಸಾಲಿ ಮಣ್ಣಿನ ಮಾಳಿಗೆಯದು. ಮೊಳಕೈ ಉದ್ದದ ದಪ್ಪ ಗೋಡೆ, ನೆತ್ತಿಗೆ ಬೆಳಕಿಂಡಿ. ಬ್ಯಾಸಿಗೆಯಲ್ಲಿ ಒಳಗೆ ಕೂತರೆ ನಿದ್ದೆ ಬರುತ್ತಿತ್ತು. ಅದು ಹಳೆಯದು, ನಾಚಿಕೆಗೇಡು ಎಂದು ಕೆಡವಿ ತಗಡಿನ ಕೋಣೆ ಕಟ್ಟಿದರು. ಉದ್ಘಾಟನೆಗೆ ಬಂದ ದೊಡ್ಡವರೆಲ್ಲ ಹೊರಗೆ ಶಾಮಿಯಾನದ ನೆರಳಲ್ಲಿ ಕೂತು "ಸುಸಜ್ಜಿತ ಕಟ್ಟಡ" ಎಂದು ಹೊಗಳಿ ಹೋದರು. ಒಬ್ಬನೂ ಒಳಗೆ ಕಾಲಿಡಲಿಲ್ಲ. ನಮ್ಮ ಎತ್ತುಗಳು ಇಂದಿಗೂ ಮಣ್ಣಿನ ಮಾಳಿಗೆಯ ಕೆಳಗೆ ತಣ್ಣಗೆ ಮೆಲುಕು ಹಾಕುತ್ತವೆ. ನಮ್ಮ ಮಕ್ಕಳು ತಗಡಿನ ಕೆಳಗೆ ಬೇಯುತ್ತಾರೆ. ಇದಕ್ಕೆ ಸುಧಾರಣೆ ಅನ್ನುತ್ತಾರೆ.

ಮೊಳೆ ಯಾಕೆ? ನಕಲು ತಡೆಯಲಿಕ್ಕೆ. ಪರೀಕ್ಷೆ ದಿನ ಕಾಕಾ, ಮಾಮಾ, ಅಣ್ಣ, ಅಳಿಯ ಎಲ್ಲರೂ ಕಿಟಕಿಗೆ ಜೋತು ಬಿದ್ದು ಚೀಟಿ ಒಗೆಯುತ್ತಿದ್ದರು. ಒಮ್ಮೆ ಪೇಪರಿನಲ್ಲಿ "ನಕಲಿನ ಊರು" ಎಂದು ಬಂತು. ಊರ ಮಾನ ಹೋಯಿತಂತೆ! ಚೀಟಿ ಒಗೆದವರೇ ಪಂಚಾಯ್ತಿ ಸೇರಿ ಕಿಟಕಿಗೆ ಮೊಳೆ ಹೊಡೆಯಿರಿ ಎಂದರು. ತಮ್ಮ ಕೈ ಕಟ್ಟಿಕೊಳ್ಳುವ ಬದಲು ಮಕ್ಕಳ ಉಸಿರು ಕಟ್ಟಿದರು.

೮೪ರಲ್ಲಿ ಹಾಗೆ ಹೊಡೆದ ಮೊದಲ ವರ್ಷವೇ ದುರ್ಗವ್ವ ಎಂಬ ಹುಡುಗಿ ಸತ್ತಳು. ಹದಿಮೂರು ವರ್ಷ. ಎರಡು ಸಲ ಎದ್ದು ನಿಂತು "ಸರ, ಕಿಟಕಿ ತಗೀರಿ" ಅಂದಳಂತೆ. "ಕುಂದ್ರು, ನಾಟಕ ಮಾಡಬ್ಯಾಡ" ಅಂದ ಹೆಡ್ ಮಾಸ್ತರ. ಮೂರನೆಯ ಸಲ ಏಳಲಿಲ್ಲ. ಚೌಕಶಿಗೆ ಬಂದ ಸಾಹೇಬ ಊರ ಚಾವಡಿಯಲ್ಲಿ ಕೂತು ಮಜ್ಜಿಗೆ ಕುಡಿದು ಬರೆದ: ಹುಡುಗಿ ಉಪವಾಸ ಬಂದಿದ್ದಳು, ಕೋಣೆಯ ಗಾಳಿ-ಬೆಳಕು ಸಮರ್ಪಕ. ಆ ಚಾವಡಿ ಮಣ್ಣಿನ ಮಾಳಿಗೆಯದು. ಸಾಹೇಬನಿಗೆ ಸೆಕೆ ಆಗಲಿಲ್ಲ.

ಸರಿ… ಆ ರಾತ್ರಿ.

ಇಬ್ಬರೂ ಕಿಟಕಿ ಹತ್ತಿರ ಬಂದರು. ತಗಡು ರಾತ್ರಿ ಆರುವಾಗ ಟಣ್… ಟಣ್… ಅನ್ನುತ್ತದೆ. ಅದು ದೆವ್ವವಲ್ಲ, ಅದು ನನಗೂ ಗೊತ್ತು, ಭರಮಪ್ಪನಿಗೂ ಗೊತ್ತು. ಆದರೆ ಅದರ ನಡುವೆ ಇನ್ನೊಂದು ಸಪ್ಪಳ ಕೇಳಿತು. ಕಿಟಕಿಯ ಒಳಮೈಗೆ ಬೆರಳ ಗೆಣ್ಣಿನಿಂದ ಬಡಿದಂತೆ. ಟಕ್ ಟಕ್. ತುಸು ಬಿಟ್ಟು… ಟಕ್ ಟಕ್. ಎತ್ತರದಲ್ಲಲ್ಲ. ಬೆಂಚಿನ ಮೇಲೆ ಕೂತವರ ಕೈ ಎಟುಕುವಷ್ಟು ಕೆಳಗೆ.

"ಇಲಿ," ಅಂದ ಭರಮಪ್ಪ.

"ಇಲಿ ಎಣಿಸಿ ಬಡೀತೈತೇನೋ?"

"ಬಾಗಲಕ ಕೀಲಿ ಐತಿ. ಒಳಗ ಯಾರ ಇರ್ತಾರ?"

ರಸೂಲಸಾಬ ಒಂದು ಹೆಜ್ಜೆ ಹಿಂದೆ ಸರಿದ. "ಮನಿಗಿ ಹೋಗೂಣು ನಡಿ," ಅಂದ.

"ನಿನ್ನ ಹುಡುಗ ನಾಳೆ ಒಳಗ ಕುಂದ್ರೂದಿಲ್ಲ. ನನ್ನ ಮಗಳು ಕುಂದ್ರತಾಳ. ಹೊಡದಾಂವ ನೀ, ಕೀಳಾಂವನೂ ನೀನ."

"ಹೆಡ್ ಮಾಸ್ತರ ಹೇಳಿದ್ರ ಬ್ಯಾಡ ಅನ್ನಾಕ ಬರ್ತತೇನು? ನನ್ನ ಹುಡುಗನ ದಾಖಲಿ ಅವನ ಕೈಯಾಗ ಐತಿ…"

"ಲೇ, ಕೀಳು."

ರಸೂಲಸಾಬ ಮೊಳೆಯ ತಲೆ ಎಲ್ಲಿದೆ ಎಂದು ಅಂಗೈಯಿಂದ ತಡವಿದ. ಚುರ್… ಅಂದಿತು. ಕೈ ಹಿಂದಕ್ಕೆ ಎಳೆದುಕೊಂಡು ಬಾಯಿಗೆ ಒತ್ತಿಕೊಂಡ. ಮಧ್ಯರಾತ್ರಿಯ ಹೊತ್ತಿನಲ್ಲಿ, ಬಿಸಿಲು ಹೋಗಿ ಐದಾರು ತಾಸಾದ ಗೋಡೆಯಲ್ಲಿ, ಮೊಳೆ ಕುಲುಮೆಯಿಂದ ಈಗ ತೆಗೆದಂತೆ ಸುಡುತ್ತಿತ್ತು. ಹೆಗಲ ಮೇಲಿನ ಟವೆಲು ಸುತ್ತಿ ಇಕ್ಕಳ ಹಿಡಿದ. ಕಿರ್ರ್ರ್… ಒಂದು ಬಂತು. ಕಿರ್ರ್ರ್… ಇನ್ನೊಂದು.

ಕಿಟಕಿಯ ಕದ ತೆರೆದರು. ಒಳಗಿನಿಂದ ಬಿಸಿ ನುಗ್ಗಿತು. ನುಚ್ಚಿನ ಗಡಿಗೆಯ ಮುಚ್ಚಳ ತೆಗೆದಾಗ ಮುಖಕ್ಕೆ ಹಾಯುತ್ತದಲ್ಲ, ಹಾಗೆ. ಭರಮಪ್ಪನ ಹುಬ್ಬಿನ ಮೇಲೆ ಬೆವರು ಒಡೆಯಿತು. ಆಮೇಲೆ ಕತ್ತಲೆಯೊಳಗೆ ಯಾರೋ ಉದ್ದಕ್ಕೆ ಉಸಿರು ಎಳೆದುಕೊಂಡರು. ಬಹಳ ಹೊತ್ತು ನೀರಲ್ಲಿ ಮುಳುಗಿ ಮೇಲೆದ್ದವರು ಎಳೆದುಕೊಳ್ಳುವಂತೆ… ಹಾ…

ಓಡಿಹೋಗಬೇಕಿತ್ತು. ನಾನಾಗಿದ್ದರೆ ಓಡುತ್ತಿದ್ದೆ. ಅವರು ಉಳಿದ ಮೂರು ಕಿಟಕಿಯ ಮೊಳೆಗಳನ್ನೂ ಕಿತ್ತು, ನಾಲ್ಕೂ ಕದ ತೆರೆದಿಟ್ಟು, ಮನೆಗೆ ಹೋದರು.

ಮುಂಜಾನೆ ನಾನೂ ಅಲ್ಲಿದ್ದೆ. ಆ ಸಾಲಿಯ ಸೆಕೆಯ ಬಗ್ಗೆ ಹನ್ನೊಂದನೆಯ ಅರ್ಜಿ ಹಿಡಿದು ಬಂದಿದ್ದೆ. ಒಂಬತ್ತು ಗಂಟೆ. ಮೋಡ ಮುಸುಕಿ ಬಿಸಿಲು ಇನ್ನೂ ಮಾಡಿನ ಮೇಲೆ ಬಿದ್ದಿರಲಿಲ್ಲ. ಇಳಿಬಿದ್ದ ತಗಡಿಗೆ ಕೈ ಇಟ್ಟು ನೋಡಿದೆ, ತಣ್ಣಗಿತ್ತು. ಮಕ್ಕಳು ಹೊರಗೆ ಕೂತು ಓದುತ್ತಿದ್ದರು. ಬಾವಿಕಟ್ಟೆಯ ಮೇಲೆ ದುರ್ಗವ್ವನ ತಾಯಿ ದುಂಡವ್ವ ಕೂತಿದ್ದಳು. ಪರೀಕ್ಷೆ ಇದ್ದ ದಿನ ಆಕೆ ಬಂದು ಕೂಡುತ್ತಾಳೆ, ಯಾರನ್ನೂ ಮಾತಾಡಿಸುವುದಿಲ್ಲ.

ಹೆಡ್ ಮಾಸ್ತರ ಬಂದ. ಪ್ರಶ್ನೆಪತ್ರಿಕೆಯ ಕಟ್ಟನ್ನು ಸಿಪಾಯಿಯ ಕೈಗೂ ಕೊಡದೆ ಬಗಲಲ್ಲಿ ಅವಚಿಕೊಂಡಿದ್ದ. ತೆರೆದ ಕಿಟಕಿ ನೋಡಿ ಕೆಂಪಾದ.

"ಯಾಂವ ಕಿತ್ತಾಂವ? ಕಳ್ಳ ನನ್ನ ಮಕ್ಕಳ್ರಾ!"

"ನಾನರೀ," ಅಂದ ಭರಮಪ್ಪ. "ಹುಡುಗೂರು ಬೇಯ್ತಾವರಿ ಒಳಗ."

"ಬಿಸಲಿಗಿ ಯಾರೂ ಸಾಯಂಗಿಲ್ಲ. ಹೊಲದಾಗ ದುಡೀತಾವಲ್ಲ ನಿಮ್ಮ ಹುಡುಗೂರು, ಅಲ್ಲಿ ಸಾಯ್ತಾವೇನು?"

"ಹೊಲಕ್ಕ ನಾವು ಮೊಳಿ ಹೊಡಿಯೂದಿಲ್ರೀ," ಅಂದೆ ನಾನು.

ಅವನು ನನ್ನ ಕಡೆ ನೋಡದೆ ರಸೂಲಸಾಬನಿಗೆ ಮತ್ತೆ ಮೊಳೆ ಹೊಡಿ ಎಂದ. ರಸೂಲಸಾಬ ಸುಟ್ಟ ಅಂಗೈ ತೋರಿಸಿ ಆಗುವುದಿಲ್ಲ ಎಂದ. ಹೆಡ್ ಮಾಸ್ತರ ಸುತ್ತಿಗೆ ತಾನೇ ಕಸಿದುಕೊಂಡ. "ಹೊರಗ ಹೊಡದ್ರ ಕೀಳತೀರಿ. ಒಳಗಿಂದನ ಹೊಡಿತೀನಿ ತಡ್ರಿ!" ಒಳಗೆ ಹೋದ. ಒಂದೊಂದೇ ಕಿಟಕಿಯ ಕದ ಮುಚ್ಚಿದ. ಠಕ್, ಠಕ್, ಠಕ್… ಮೊದಲ ಮೊಳೆ. ಠಕ್… ಎರಡನೆಯದು ಅರ್ಧಕ್ಕೇ ನಿಂತಿತು.

ಆಗ ಬಾಗಿಲು ತಾನಾಗಿ ಮುಚ್ಚಿತು. ಜೋರಾಗಿ ಅಲ್ಲ. ತೊಟ್ಟಿಲ ಕೂಸು ಏಳಬಾರದೆಂದು ಮುಚ್ಚುವಂತೆ.

ಆಮೇಲೆ ಒಳಗಿನಿಂದ ಧಬ್… ಧಬ್… ಧಬಧಬಧಬ. "ಬಾಗಲಾ… ಬಾಗಲಾ ತಗೀರೋ!" ಭರಮಪ್ಪ ಓಡಿ ಕದ ತಳ್ಳಿದ. ಹೊರಗೆ ಚಿಲಕ ಹಾಕಿರಲಿಲ್ಲ. ನಾನೂ ಭುಜ ಕೊಟ್ಟೆ, ಸಿಪಾಯಿಯೂ ಕೊಟ್ಟ. ಕದ ಮಿಸುಕಲಿಲ್ಲ. ಕದದ ಹಲಗೆ ಬಿಸಿಯಾಗಿತ್ತು.

ಬಾವಿಕಟ್ಟೆಯಿಂದ ದುಂಡವ್ವ ಅಂದಳು, ದನಿ ಏರಿಸದೆ: "ಯಾಕ ಗಡಿಬಿಡಿ? ಬಿಡ್ರಿ… ಮೂರು ತಾಸಿನ ಪೇಪರ ಅದು."

ಮೂರು ತಾಸು ಆಗಲಿಲ್ಲ. ಹತ್ತು ನಿಮಿಷಕ್ಕೆ ಕದ ತಾನೇ ಬಿಟ್ಟುಕೊಂಡಿತು. ಹೆಡ್ ಮಾಸ್ತರ ಹೊಸ್ತಿಲ ಮೇಲೆ ಬಿದ್ದ. ಬಾವಿಯಲ್ಲಿ ಅದ್ದಿ ತೆಗೆದಂತೆ ಧೋತರ, ಅಂಗಿ ಎಲ್ಲ ತೊಯ್ದಿತ್ತು. ತುಟಿ ಒಡೆದಿತ್ತು. ಕಟ್ಟು ಮಾತ್ರ ಬಗಲಲ್ಲೇ ಇತ್ತು; ಅಂಥಾ ನಿಷ್ಠೆ! ನೀರು ಕೇಳಿದ. ಯಾರೂ ತರಲು ಮುಂದಾಗಲಿಲ್ಲ. ಕೊನೆಗೆ ದುಂಡವ್ವನೇ ಕೊಡ ಸೇದಿ ತಂದು ಅವನ ಬಾಯಿಗೆ ಹನಿಸಿದಳು.

"ಕಿಟಕಿ… ಎಲ್ಲಾ ಕಿಟಕಿ ತಗೀರಿ," ಅಂದ.

ಪರೀಕ್ಷೆ ತೆರೆದ ಕಿಟಕಿಯಲ್ಲಿ ನಡೆಯಿತು. ಒಬ್ಬ ಮಾಮನೂ ಚೀಟಿ ಹಿಡಿದು ಹತ್ತಿರ ಬರಲಿಲ್ಲ. ಅವರ ಶೂರತ್ವ ಅಷ್ಟೇ. ಮೈಲಾರವ್ವ ಮೂರು ತಾಸು ಬರೆದು ಹೊರಗೆ ಬಂದಳು. ಅಪ್ಪ ಓಡಿ ಹೋಗಿ ಹಣೆ ಮುಟ್ಟಿ ನೋಡಿದ.

"ಯಾಕಪ್ಪಾ? ಗಾಳಿ ಛಲೋ ಬಿಡ್ತಿತ್ತು," ಅಂದಳು. "ಗಣಿತ ಅಷ್ಟ ತ್ರಾಸ ಆತು."

ಹೆಡ್ ಮಾಸ್ತರನಿಗೆ ಹದಿನೈದು ದಿನದಲ್ಲಿ ನೋಟೀಸು ಬಂತು. ತಿಂಗಳೊಳಗೆ ಅಮಾನತ್ತು. ಹುಡುಗಿ ಸತ್ತದ್ದಕ್ಕಲ್ಲ, ಅದಕ್ಕೆ ಯಾರೂ ಕಾಗದ ಕಳಿಸಲಿಲ್ಲ. ಪ್ರಶ್ನೆಪತ್ರಿಕೆಯ ಲಕೋಟೆಯ ಅರಗಿನ ಮುದ್ರೆ ಕೆಟ್ಟದ್ದಕ್ಕೆ. ಅರಗಿನ ಬಗ್ಗೆ ಸರಕಾರಕ್ಕೆ ಅಷ್ಟು ಕಳವಳ! ಮಕ್ಕಳನ್ನೂ ಅರಗಿನಿಂದ ಮಾಡಿದ್ದರೆ ಚೆನ್ನಾಗಿತ್ತು.

ಪರೀಕ್ಷೆಯ ದಿನವೇ ಪಂಚನಾಮೆಗೆ ನನ್ನನ್ನೇ ಸಾಕ್ಷಿ ಹಿಡಿದರು. ಲಕೋಟೆ ನನ್ನ ಕೈಯಲ್ಲಿತ್ತು. ಐದು ಕಡೆ ಒತ್ತಿದ ಕೆಂಪು ಅರಗು ಐದೂ ಕಡೆ ನೀರಾಗಿ ಕರಗಿ, ದಾರದ ಗುಂಟ ಹರಿದು, ತುದಿಯಲ್ಲಿ ಹನಿಯಾಗಿ ಗಟ್ಟಿಯಾಗಿತ್ತು. ಒಳಗಿನ ಕಾಗದ ಕಂದಿರಲಿಲ್ಲ. ಮಡಿಕೆ ಬಿಡಿಸಿ ಮುಟ್ಟಿದೆ… ತಣ್ಣಗಿತ್ತು. ಹಾಗೆಂದೇ ಬರೆಸಿ, ಕೆಳಗೆ ಸಹಿ ಮಾಡಿದ್ದೇನೆ.