ಟೋಪಿ ತೆಗೆದು ನಿಂತ ಸಾಹೇಬ

ಒಂದು ಪಟ್ಟಣದಲ್ಲಿ ಒಬ್ಬ ಸಿರಿವಂತನಿದ್ದ. ಹೆಸರು ಹೇಳುವುದಿಲ್ಲ. ಹೇಳಿದರೆ ‘ಓ, ಅವನಾ!’ ಎಂದು ನೀವು ಹಾಯಾಗಿ ಗೋಡೆಗೆ ಒರಗಿ ಕೂತುಬಿಡುತ್ತೀರಿ. ಇವತ್ತು ನಿಮ್ಮನ್ನು ಹಾಗೆ ಬಿಡುವ ಮನಸ್ಸು ನನಗಿಲ್ಲ.

ಈ ಸಿರಿವಂತನ ಮುತ್ತಜ್ಜನ ಕಾಲಕ್ಕೆ ಅವರ ಮಂದಿ ಬೀದಿಯಲ್ಲಿ ಭಜನೆ ಮಾಡುವಂತಿರಲಿಲ್ಲ. ಮಾಡಿದರೆ ಕಲ್ಲು ಬೀಳುತ್ತಿತ್ತು. ಆಗ ಆ ಸೀಮೆಗೆ ಒಬ್ಬ ಬಿಳಿ ಸಾಹೇಬ ಬಂದ. ಆಳಲು ಬಂದವನೇ, ದೇವರಂಥವನು ಎಂದು ನಾನೇನೂ ಹೇಳುತ್ತಿಲ್ಲ. ಆದರೆ ಈ ಒಂದು ಕೆಲಸ ಮಾಡಿದ. ‘ಯಾರ ಪ್ರಾರ್ಥನೆಯನ್ನೂ ಯಾರೂ ನಿಲ್ಲಿಸಕೂಡದು’ ಎಂದು ಆಜ್ಞೆ ಬರೆದ. ಬರೆದು ಬಂಗಲೆಯಲ್ಲಿ ಕೂರಲಿಲ್ಲ, ನೋಡಿ. ಭಜನೆಯವರು ಹೊರಟ ದಿನ ತಾನೇ ಬೀದಿಗೆ ಬಂದು, ತಲೆಯ ಮೇಲಿನ ಟೋಪಿ ತೆಗೆದು ಕೈಯಲ್ಲಿ ಹಿಡಿದು, ಕೊನೆಯ ತಾಳ ಮುಗಿಯುವವರೆಗೂ ಬಿಸಿಲಲ್ಲಿ ನಿಂತ. ಅವತ್ತು ಒಂದು ಕಲ್ಲೂ ಬೀಳಲಿಲ್ಲ.

ಅಂಥವನಿಗೆ ಸ್ಮಾರಕ ಬೇಡವೇ? ಬೇಕು. ಪುತ್ಥಳಿ ನಿಲ್ಲಿಸಬೇಕೆಂದು ಸಿರಿವಂತ ಕಮಿಟಿ ಮಾಡಿದ. ಅಧ್ಯಕ್ಷ ಯಾರು? ಅವನೇ. ಸಭೆ ಎಲ್ಲಿ? ಅವನ ಮನೆಯ ಪಡಸಾಲೆಯಲ್ಲಿ. ಎಷ್ಟು ಹೊತ್ತಿಗೆ? ದಿನಾಲೂ ದೀಪ ಹಚ್ಚುವ ಹೊತ್ತಿಗೆ.

ಆ ಹೊತ್ತಿಗೆ ಆ ಮನೆಯೊಳಗೆ ಹಾಡುವವಳೊಬ್ಬಳಿದ್ದಳು. ಅವನ ಹೆಂಡತಿ. ಆಕೆಯ ತವರಿನವರ ಪಂಥ ಬೇರೆ. ಮದುವೆಯಲ್ಲಿ ಆಕೆಯ ತಾಯಿ ಬೀಗರನ್ನು ಬೇಡಿಕೊಂಡದ್ದು ಒಂದೇ ಮಾತು: ‘ಸಂಜೀ ಪ್ರಾರ್ಥನಾ ಒಂದು ಬಿಡಸಬ್ಯಾಡ್ರಿ.’ ನಲವತ್ತು ನುಡಿಯ ಪ್ರಾರ್ಥನೆ ಅದು. ಯಾವ ಪುಸ್ತಕದಲ್ಲೂ ಇಲ್ಲ, ತಾಯಿಯ ಬಾಯಿಂದ ಮಗಳ ಬಾಯಿಗೆ ಬಂದದ್ದು. ತಾಯಿ ತೀರಿಹೋದ ಮೇಲೆ ಅದು ಪೂರ್ತಿ ಬರುತ್ತಿದ್ದದ್ದು ಆಕೆಯೊಬ್ಬಳಿಗೇ. ಅಡುಗೆಮನೆಯ ಮೂಲೆಯಲ್ಲಿ ಕಣ್ಣು ಮುಚ್ಚಿ ಹಾಡುವಾಗ ಆಕೆಗೆ ಅವ್ವ ಪಕ್ಕದಲ್ಲೇ ಕೂತಂತಾಗುತ್ತಿತ್ತು.

ಮೊದಲ ಸಭೆಯ ದಿನವೇ ಗಂಡ ಒಳಗೆ ಬಂದ.

‘ಏ, ಸ್ವಲ್ಪ ಬಾಯಿ ಮುಚ್ಚು. ಹೊರಗ ದೊಡ್ಡ ಮಂದಿ ಕೂತಾರ. ಅಧ್ಯಕ್ಷರ ಮನ್ಯಾಗ ಇದೇನು ಬ್ಯಾರೇ ಹಾಡು ಅಂತ ಕೇಳಿದ್ರ ಏನ್ ಹೇಳ್ಲಿ?’

‘ಸಣ್ಣ ದನೀಲೆ ಹಾಡ್ತೀನ್ರೀ. ಒಂದರ್ಧ ತಾಸು.’

‘ಪುತ್ಥಳಿ ಒಂದು ಆಗಿಬಿಡ್ಲಿ. ಆಮ್ಯಾಲ ಎಷ್ಟ್ ಬೇಕಾದ್ರ ಹಾಡು. ಯಾರ್ ಬ್ಯಾಡಂತಾರ?’

ಎಂಥ ಸಭೆ ಅದು? ಯಾರ ಪ್ರಾರ್ಥನೆಯನ್ನೂ ಯಾರೂ ನಿಲ್ಲಿಸಕೂಡದು ಅಂದವನ ನೆನಪಿಗಾಗಿ ಕೂಡಿದ ಸಭೆ! ನಗಬೇಡಿ. ಇದು ನಗುವ ಮಾತಲ್ಲ.

ಆಕೆ ಸುಮ್ಮನಾದಳು. ಒಂದೆರಡು ತಿಂಗಳಿನ ಮಾತು ಅಂದುಕೊಂಡಳು. ಆದರೆ ಕಮಿಟಿಯೆಂದರೆ ಕಮಿಟಿ. ಜಾಗಕ್ಕೇ ಎರಡು ವರ್ಷ ಜಗಳ. ಶಿಲ್ಪಿ ಬಂದು ‘ಟೋಪಿ ಕೈಯಾಗ ಇರ್ಲೋ, ತಲೀ ಮ್ಯಾಲ ಇರ್ಲೋ?’ ಎಂದು ಕೇಳಿದ್ದೇ ತಡ, ಅದಕ್ಕೆ ಮೂರು ವರ್ಷ. ಕೊನೆಗೆ ಸಿರಿವಂತ, ‘ಟೋಪಿ ಇಲ್ಲಂದ್ರ ಅಂವ ಸಾಹೇಬ ಅಂತ ಯಾರಿಗೆ ತಿಳೀತದ? ತಲೀ ಮ್ಯಾಲೇ ಇಡು’ ಎಂದ. ಯಾವ ಟೋಪಿ ತೆಗೆದದ್ದಕ್ಕೆ ಸ್ಮಾರಕವೋ, ಅದೇ ಟೋಪಿಯನ್ನು ಮತ್ತೆ ತಲೆಗೇರಿಸಿದರು. ಅಂತೂ ಹನ್ನೊಂದು ವರ್ಷ ಹಿಡಿಯಿತು. ಹನ್ನೊಂದು ವರ್ಷ ಆಕೆ ಸಂಜೆಯ ಹೊತ್ತಿಗೆ ಚಹಾ ಸೋಸುತ್ತ, ಮನಸ್ಸಿನಲ್ಲೇ ಹಾಡಿಕೊಳ್ಳಲು ನೋಡಿದಳು. ಐದು ನುಡಿ ಆಗುವಷ್ಟರಲ್ಲಿ ಹೊರಗಿನಿಂದ ‘ಇನ್ನೊಂದ್ ಕಪ್ ಕಳಸ್ರೀ’ ಎಂಬ ಕೂಗು ಬರುತ್ತಿತ್ತು.

ಅನಾವರಣದ ದಿನ ಸಿರಿವಂತ ಮೈಕಿನ ಮುಂದೆ ಭಾಷಣ ಬಿಗಿದ. ‘ನಮ್ಮ ಮನೆಯನ್ನೇ ನೋಡಿ. ನನ್ನ ಶ್ರೀಮತಿಯವರ ಪಂಥ ಬೇರೆ. ನಾನು ಎಂದಾದರೂ ಅಡ್ಡಿ ಮಾಡಿದ್ದೇನೆಯೇ? ಈಗ ಅವರೇ ತಮ್ಮ ಪ್ರಾರ್ಥನೆ ಹಾಡುತ್ತಾರೆ.’

ಆಕೆಗೆ ಖುಷಿಯಾಯಿತು, ಸುಳ್ಳು ಯಾಕೆ ಹೇಳಲಿ. ಎದ್ದು ಬಂದಳು. ಕಣ್ಣು ಮುಚ್ಚಿದಳು. ಒಂದನೇ ನುಡಿ ಬಂತು. ಎರಡನೆಯದು ಬಂತು. ಐದಾಯಿತು. ಆರನೆಯದು ಅರ್ಧಕ್ಕೆ ನಿಂತಿತು. ಮತ್ತೆ ಮೊದಲಿನಿಂದ ಹಿಡಿದಳು, ಮತ್ತೆ ಅಲ್ಲೇ ನಿಂತಿತು. ಮುಗಿಯಿತೆಂದುಕೊಂಡು ಮಂದಿ ಚಪ್ಪಾಳೆ ತಟ್ಟಿದರು.

ಮನೆಗೆ ಬಂದ ಮೇಲೆ ಗಂಡ ಹೇಳಿದ, ‘ನಾಳಿಂದ ದಿನಾ ಹಾಡು. ಇನ್ನ ಸಭಾ ಇಲ್ಲ, ಏನಿಲ್ಲ.’

‘ಏನ್ ಹಾಡ್ಲಿರೀ? ಐದು ನುಡಿ ಉಳದಾವ. ಮೂವತ್ತೈದು ಹೋದ್ವು. ಯಾರ್ನ ಕೇಳ್ಲಿ? ನಮ್ಮವ್ವ ಇಲ್ಲ.’



ಈಗ ನಿಮ್ಮ ಮಾತಿಗೆ ಬರುತ್ತೇನೆ. ತಲೆ ತಗ್ಗಿಸಬೇಡಿ, ಇತ್ತ ನೋಡಿ. ಆಕೆಗೆ ಯಾರಾದರೂ ಕಲ್ಲು ಹೊಡೆದರೇ? ಇಲ್ಲ. ‘ಸ್ವಲ್ಪ ತಡಿ’ ಅಂದರು, ಅಷ್ಟೇ. ನಿಮ್ಮ ಮನೆಯಲ್ಲಿ ಆ ಮಾತನ್ನು ಯಾರು ಯಾರಿಗೆ ಅನ್ನುತ್ತಿದ್ದೀರಿ? ಸೊಸೆ ತವರಿನ ದೇವರ ಪಟವನ್ನು ಟ್ರಂಕಿನ ತಳದಲ್ಲಿ ಇಟ್ಟುಕೊಂಡಿದ್ದಾಳಲ್ಲ, ಹೊರಗೆ ತೆಗೆಸಿ, ನಿಮ್ಮ ಕೈಯಾರೆ ಮೊಳೆ ಹೊಡೆದು ತೂಗುಹಾಕಿ. ಅಂಗಡಿಯಲ್ಲಿ ಕೆಲಸ ಮಾಡುವವನು ನಮಾಜಿನ ಹೊತ್ತಿಗೆ ಬಾಗಿಲ ಕಡೆ ನೋಡುತ್ತಾನಲ್ಲ, ಅವನು ಬಾಯಿ ಬಿಡುವ ಮೊದಲೇ ‘ಹೋಗಿ ಬಾರಪ್ಪ’ ಅನ್ನಿ. ಪಕ್ಕದ ಮನೆಯವರು ಪ್ರಾರ್ಥನೆಗೆ ಕೂತಾಗ ಟಿವಿಯ ಸದ್ದು ಇಳಿಸಿ. ಟೋಪಿ ತೆಗೆಯುವುದು ಅಂದರೆ ಇಷ್ಟೇ. ಇಷ್ಟೂ ಆಗದಿದ್ದರೆ ಪುತ್ಥಳಿ ಯಾತಕ್ಕೆ?

ನಾಡಿದ್ದು ನಿಮ್ಮೂರ ಸ್ಮಾರಕದ ಪಾಯಕ್ಕೆ ನನ್ನನ್ನು ಕರೆದಿದ್ದೀರಿ. ಬರುತ್ತೇನೆ. ಆದರೆ ಇವತ್ತು ಸಂಜೆ ಆರಕ್ಕೆ ಕಮಿಟಿಯ ಸಭೆ, ಅಧ್ಯಕ್ಷರ ಮನೆಯಲ್ಲಿ ಎಂದು ಈಗಷ್ಟೇ ಸಾರಿದಿರಿ. ಅಧ್ಯಕ್ಷರೇ, ಸಭೆ ಶುರು ಮಾಡುವ ಮೊದಲು ಒಮ್ಮೆ ಒಳಗೆ ಹೋಗಿ, ಆ ಹೊತ್ತಿಗೆ ನಿಮ್ಮ ಮನೆಯಲ್ಲಿ ಬಾಯಿ ಮುಚ್ಚಿಕೊಂಡು ಚಹಾ ಸೋಸುತ್ತಿರುವವರು ಯಾರು, ನೋಡಿಕೊಂಡು ಬನ್ನಿ.