ಹಾಜರಿ ಕರೆದ ಅಣ್ಣಾಸಾಹೇಬರು

ವೇದಿಕೆಯ ಮೇಲಿರುವ ಕನ್ನಡ ಸಂಘದ ಅಧ್ಯಕ್ಷೆ ಊರ್ಮಿಳಾ ಅವರೇ, ನನಗೆ ಶಾಲು ಹೊದಿಸಿದ ಅತಿಥಿಗಳೇ, ಬಿಸಿಬೇಳೆಬಾತಿನ ಪರಿಮಳ ಬರುತ್ತಿದ್ದರೂ ಕದಲದೆ ಕುಳಿತಿರುವ ಸೆಂಟರ್‌ವಿಲ್‌ನ ಸಭಿಕರೇ,

ಈ ಗುರುದತ್‌ಗೆ ಸನ್ಮಾನ ಯಾತಕ್ಕೆ? ಹಳೆಯ ಫ್ರೆಂಚ್ ಸಿನಿಮಾ ಒಂದಕ್ಕೆ ಕನ್ನಡ ದನಿ ಕೊಟ್ಟಿದ್ದಕ್ಕಂತೆ! ಕಪ್ಪು ಬಿಳುಪಿನ ಬೋರ್ಡಿಂಗ್ ಸ್ಕೂಲು. ಹಾಜರಿಗೆ ಓಗೊಡದವನು ಬೆಳಗಾಗುವಷ್ಟರಲ್ಲಿ ಮಾಯ. ಪಾತ್ರಗಳೋ, ಒಂದಕ್ಕಿಂತ ಒಂದು ತಿಕ್ಕಲು: ತರಗತಿಯೊಳಗೆ ಕೊಡೆ ಬಿಚ್ಚುವ ಡ್ರಾಯಿಂಗ್ ಮಾಸ್ತರು, ಖಾಲಿ ಕುರ್ಚಿಯ ಜೊತೆ ಚೆಸ್ ಆಡುವ ವಾರ್ಡನ್, ಏದುಸಿರು ಬಿಡುತ್ತ ಹಾಜರಿ ಕರೆಯುವ ಹೆಡ್‌ಮಾಸ್ತರು.

ಊರಿನಿಂದ ಇಲ್ಲಿಗೆ, ಅಮೆರಿಕಕ್ಕೆ, ಬರುವ ಅಪ್ಪ ಅಮ್ಮಂದಿರಿಗೆ ಸಬ್‌ಟೈಟಲ್ ಓದುವುದು ಕಷ್ಟ. ಅದಕ್ಕೇ ನಾವು ಪರದೆಯ ಪಕ್ಕ ನಿಂತು ಕನ್ನಡದಲ್ಲಿ ಮಾತು ಹೇಳುತ್ತಿದ್ದೆವು. ಹೆಡ್‌ಮಾಸ್ತರು ನಮ್ಮ ಧಾರವಾಡದ ಅಣ್ಣಾಸಾಹೇಬರು, ಮಿಕ್ಕವರೆಲ್ಲ ನಾನು. ಫ್ರೆಂಚ್ ಹೆಸರುಗಳಿಗೆ ಅವರ ನಾಲಗೆ ಹೊರಳದು. ಹಾಜರಿಯಲ್ಲಿ ನಮ್ಮ ಹೆಸರುಗಳನ್ನೇ ಕರೆಯುತ್ತಿದ್ದರು.

ಎರಡು ಸಾವಿರದ ಇಪ್ಪತ್ತರಲ್ಲಿ ವಿಮಾನಗಳು ನಿಂತವು, ನಮ್ಮ ಪ್ರದರ್ಶನ ಝೂಮ್‌ಗೆ ಬಂತು. ಪರದೆಯಲ್ಲಿ ಸಿನಿಮಾ ಮಾತ್ರ, ನಮ್ಮ ಮುಖ ಯಾರಿಗೂ ಕಾಣದು. ಆದರೂ ಅಣ್ಣಾಸಾಹೇಬರು ಪಕ್ಕದ ಆಲ್ಡಿ ಊರಿನ ತಮ್ಮ ಮನೆಯಲ್ಲಿ ಕೋಟು, ಟೈ ಹಾಕಿಕೊಂಡು, ಸದ್ದು ಬರಬಾರದೆಂದು ಕೋಣೆಯ ಚಿಲಕ ಹಾಕಿ ಕೂತಿದ್ದರು. ಅಂದು ಆ ಏದುಸಿರು ಎಷ್ಟು ಸೊಗಸಾಗಿ ಬಂತು! ಚಾಟ್ ತುಂಬ ಹೊಗಳಿಕೆ: ‘ಸೂಪರ್ ಆಕ್ಟಿಂಗ್, ಅಂಕಲ್!’

‘ಗುರುದತ್ತ, ಹಾಜರಿ ಹೇಳಪಾ.’

ನಾನು ಮ್ಯೂಟ್‌ನಲ್ಲಿದ್ದೆ.

‘ಗುರುದತ್ತ, ಅದಿಯೋ ಇಲ್ಲೋ?’

‘ಗುರುದತ್ತಾ...’

ಮೂರು ಸಲ. ಆ ಹೊತ್ತಿಗೆ ಪರದೆಯ ಮೇಲಿನ ಹೆಡ್‌ಮಾಸ್ತರರ ಬಾಯಿ ಮುಚ್ಚಿತ್ತು.

ಮ್ಯೂಟ್ ತೆಗೆಯಲು ಮರೆತೆ ಎಂದು ಅವರ ಪತ್ನಿ ಶಾಂತವ್ವನವರಿಗೆ ಹೇಳಿದ್ದೆ. ಮರೆಯುವುದು ಸಹಜವಲ್ಲವೇ? ಯಾರು ಮರೆತಿಲ್ಲ ಹೇಳಿ? ಅವರು ಇಲ್ಲೇ ಮುಂದಿನ ಸಾಲಿನಲ್ಲಿದ್ದಾರೆ. ಶಾಂತವ್ವನವರೇ, ನಾನು ಮರೆತಿರಲಿಲ್ಲ. ಹೊಗಳಿಕೆಯೆಲ್ಲ ಅವರಿಗೇ ಹೋಗುತ್ತಿದೆಯಲ್ಲ, ಸ್ವಲ್ಪ ಕಾಯಲಿ ಎಂದುಕೊಂಡೆ. ನೀವು ಬಾಗಿಲು ಒಡೆಸುವಷ್ಟರಲ್ಲಿ ಅವರು ಹೋಗಿಬಿಟ್ಟಿದ್ದರು.

ಅಂದಿನ ರೆಕಾರ್ಡಿಂಗನ್ನೇ ಪ್ರತಿವರ್ಷ ಅವರ ನೆನಪಿಗೆಂದು ಹಾಕುತ್ತೇವೆ. ಹೋದ ವರ್ಷ ಎಣಿಸಿದೆ, ನಾಲ್ಕು ಸಲ ಕರೆದರು. ಇಂದು ಬೆಳಿಗ್ಗೆ ಇಲ್ಲೇ ಹಾಕಿ ನೋಡಿದಾಗ ಐದು. ಫೈಲನ್ನು ಯಾರೂ ಮುಟ್ಟಿಲ್ಲ. ಐದನೆಯ ಕರೆ ಸ್ಪೀಕರಿನಿಂದ ಬರಲಿಲ್ಲ, ಯಾರೂ ಇಲ್ಲದ ಹಿಂದಿನ ಸಾಲಿನಿಂದ ಬಂತು. ನಾನು ತುಂಬ ಹೆದರಿದೆ.

ಈಗ ದೀಪ ಆರಿಸುತ್ತಾರೆ, ಅದೇ ದೃಶ್ಯ ಬರುತ್ತದೆ. ಅವರು ಕರೆದಾಗ ತಮಾಷೆಗೂ ಯಾರೂ ಓಗೊಡಬೇಡಿ. ಈ ಮೈಕ್ ಆನ್ ಇರಲಿ.

ಶಾಲನ್ನು ಶಾಂತವ್ವನವರಿಗೆ ಕೊಟ್ಟುಬಿಡಿ. ಇಷ್ಟು ಹೊತ್ತು ಕೇಳಿಸಿಕೊಂಡಿರಿ, ನಿಮ್ಮ ಉಪಕಾರ ದೊಡ್ಡದು. ಎಲ್ಲರಿಗೂ ನಮಸ್ಕಾರ.

ಹಾಜರಿದ್ದೇನೆ, ಸಾರ್.