ಬೆನ್ನ ಮೇಲಿನ ಹಿಮ

ನಾರ್ವೆಯ ಉತ್ತರ ತುದಿಯ ಕೌಟೊಕೈನೊ ಆಸ್ಪತ್ರೆಯಲ್ಲಿ ಸರದಿ ಕಾಯುತ್ತಿದ್ದ ಸುನ್ನಾ ಎಂಬಾಕೆಯ ಪಕ್ಕದಲ್ಲೇ ಮುದುಕ ಇಸ್ಕೊ ಮತ್ತು ಅವನ ಸೊಸೆ ಕೂತಿದ್ದರು. ಅವರ ಮಾತೆಲ್ಲ ಅವಳ ಕಿವಿಗೆ ಬೀಳುತ್ತಿತ್ತು. ಸೊಸೆ ಕರಾವಳಿಯ ಬರ್ಗೆನ್‌ನವಳು. ಮದುವೆಯಾಗಿ ಬಂದ ಮೇಲೆ ಇದು ಮೊದಲ ಚಳಿಗಾಲ.

"ನಮ್ಮ ಮುದಿ ಹಿಮಸಾರಂಗದ ಕಥೆ ಮುಗೀತಮ್ಮ. ಇವತ್ತೇ ಕೊಯ್ದುಬಿಡು ಅಂತ ಮಗನಿಗೆ ಹೇಳಿ ಬಂದೆ."

"ಯಾಕೆ ಮಾವ? ಚೆನ್ನಾಗೇ ಮೇಯ್ತಿತ್ತಲ್ಲ."

"ರಾತ್ರಿಯೆಲ್ಲ ಹಿಮ ಬಿದ್ದಿದೆ, ಅದರ ಬೆನ್ನ ಮೇಲೆ ಚೂರೂ ಇಲ್ಲ. ಎಲ್ಲ ಕರಗಿಹೋಗಿದೆ."

"ಬೆನ್ನು ಬೆಚ್ಚಗಿದ್ರೆ ಒಳ್ಳೇದಲ್ವಾ?"

"ಅಲ್ಲಮ್ಮ. ಗಟ್ಟಿಮುಟ್ಟಾಗಿರೋದರ ಕೂದಲೊಳಗೆಲ್ಲ ಗಾಳಿ ತುಂಬಿರುತ್ತೆ, ಮೈಕಾವು ಹೊರಗೆ ಬರೋದೇ ಇಲ್ಲ. ಬಿದ್ದ ಹಿಮ ಹಾಗೇ ಕೂತಿರುತ್ತೆ. ಕರಗ್ತು ಅಂದ್ರೆ ಕಾವು ಸೋರ್ತಿದೆ ಅಂತ. ಅಂಥದ್ದು ಚಳಿಗಾಲ ದಾಟೋಲ್ಲ."

"ಅಂದ್ರೆ ಹಿಮ ಹೊತ್ಕೊಂಡಿರೋದಕ್ಕೆ ಚಳಿ ಇಲ್ಲ, ಹಿಮ ಇಲ್ಲದ್ದಕ್ಕೆ ಚಳಿನಾ?"

"ಹ್ಞೂಂ."

ಸೊಸೆ ಕೈಗವಸು ಹಿಂಡುತ್ತ ಅವನತ್ತ ತಿರುಗಿದಳು.

"ಮಾವ, ಪಾಪ, ಅದಕ್ಕೆ ಚಳಿ ಆಗ್ತಿದೆ ಅಂತ ಬೆಳಿಗ್ಗೆ ನಾನೇ ಪೊರಕೆ ತಗೊಂಡು ಬೆನ್ನ ಮೇಲಿನ ಹಿಮಾನೆಲ್ಲ ಗುಡಿಸ್ಬಿಟ್ಟೆ."

ಮುದುಕ ಅವಳನ್ನೇ ನೋಡಿದ. "ಅವನಿಗೆ ಫೋನ್ ಮಾಡು."

ಅವಳು ಫೋನ್ ಕಿವಿಗೆ ಹಿಡಿದಳು. "ಎತ್ತುತ್ತಿಲ್ಲ."

"ಏಳು, ಗಾಡಿ ತೆಗಿ."

"ನಿಮ್ಮ ಎದೆನೋವು?"

"ಅದು ಕಾಯುತ್ತೆ. ನಿನ್ನ ಗಂಡ ಕಾಯೋನಲ್ಲ."

ನರ್ಸ್ ಮುದುಕನ ಹೆಸರು ಕೂಗುವಷ್ಟರಲ್ಲಿ ಗಾಡಿ ರಸ್ತೆಗೆ ಇಳಿದಿತ್ತು.